ಎಡಗೈಯ ನಾಲ್ಕನೇ ರಾಗ

ಮೊನ್ನೆ ಕೊಳ್ಳೇಗಾಲದಲ್ಲಿ ನಮ್ಮ ಬೀದಿಯ ಇಸ್ತ್ರಿ ಅಂಗಡಿಗೆ ಸೀರೆ ತರಲು ಹೋಗಿದ್ದೆ. ಗೂಟದಲ್ಲಿ ಒಂದು ಕೆಂಪು ಕೋಟು ನೇತಾಡುತ್ತಿತ್ತು. ಭುಜದ ಮೇಲೆ ಹಳದಿ ಪಟ್ಟಿ, ಎದೆಗೆ ಎರಡು ಸಾಲು ಹಿತ್ತಾಳೆ ಗುಂಡಿ. ಯಾವುದೋ ಬ್ಯಾಂಡ್ ಸೆಟ್ಟಿನವರದು. ಅಂಗಡಿಯವನು ಅದನ್ನು ಇಳಿಸಿ ಮೇಜಿನ ಮೇಲೆ ಹಾಸಿ, ನೀರು ಚಿಮುಕಿಸಿ, ಪೆಟ್ಟಿಗೆ ಒತ್ತಿದ. ಹಬೆಯ ಜೊತೆಗೆ ನುಸಿಗುಳಿಗೆಯ ವಾಸನೆ, ಹಳೆಯ ಬೆವರು, ಎಲ್ಲೋ ಒಂದಿಷ್ಟು ಕೊಬ್ಬರಿ ಎಣ್ಣೆ... ನಾನು ಸೀರೆ ಕೇಳುವುದನ್ನೇ ಮರೆತು ನಿಂತುಬಿಟ್ಟೆ. "ಏನ್ ನರ್ಸಮ್ಮ, ಮನೇಲಿ ಮದ್ವೆನಾ? ಬ್ಯಾಂಡ್ನೋರ ನಂಬರ್ ಕೊಡ್ಲಾ?" ಎಂದ ಅವನು. ಬೇಡಪ್ಪ ಎಂದು ಸೀರೆ ತೆಗೆದುಕೊಂಡು ಬಂದೆ. ಮನೆಗೆ ಬಂದ ಮೇಲೂ ಆ ವಾಸನೆ ಮೂಗು ಬಿಟ್ಟು ಹೋಗಲಿಲ್ಲ.

ನನ್ನೂರು ಮಾರ್ಟಳ್ಳಿಯಲ್ಲಿ ನಮ್ಮ ಮನೆಗೂ ಅಂಥದೇ ಕೋಟು ತೊಡುತ್ತಿದ್ದ ಒಬ್ಬರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಊರಿಗೆಲ್ಲ ಅವರು ಬ್ಯಾಂಡ್ ಮಾಸ್ಟರ್, ನನಗೆ ಬ್ಯಾಂಡ್ ಮಾಮ. ಹಗಲು ರಾಗಿ ಹೊಲ, ಸಂಜೆ ಕ್ಲಾರಿಯೋನೆಟ್. ನಮ್ಮ ಚರ್ಚಿನ ಬ್ಯಾಂಡನ್ನು ಕಟ್ಟಿ ಬೆಳೆಸಿದವರು ಅವರೇ. ಅದರಲ್ಲಿ ಅವರೂ ಸೇರಿ ಏಳು ಜನ. ಇಬ್ಬರು ಕಲ್ಲು ಒಡೆಯುವವರು, ಒಬ್ಬ ಕುರಿ ಸಾಕುವವನು, ಉಳಿದವರು ಕೂಲಿ ಸಿಕ್ಕಿದ ಕಡೆ ಹೋಗುವವರು. ಸಂಜೆ ಹಿತ್ತಲಲ್ಲಿ ಕೂತು ಅಭ್ಯಾಸ ಶುರು ಮಾಡಿದರೆ ನಮ್ಮ ಮನೆಯ ಕೋಳಿಗಳೂ ಗೂಡು ಸೇರುತ್ತಿರಲಿಲ್ಲ.

ಅವರ ಲೆಕ್ಕದಲ್ಲಿ ಲೋಕದ ಸಂಗೀತವೆಲ್ಲ ಎರಡೇ ಬಗೆ, ಒಳಗಿನದು ಮತ್ತು ಹೊರಗಿನದು. ಚರ್ಚಿನ ಪೂಜೆಗೆ, ಮಾತೆಯ ಹಬ್ಬಕ್ಕೆ, ಸಾವಿಗೆ ಬಾರಿಸುವುದು ಒಳಗಿನದು. ಕೊಳ್ಳೇಗಾಲ, ಹನೂರು, ಯಳಂದೂರಿನ ಮದುವೆಗಳಲ್ಲಿ ಬಾರಿಸುವ ಸಿನಿಮಾ ಹಾಡುಗಳೆಲ್ಲ ಹೊರಗಿನದು. ಎರಡಕ್ಕೂ ಬೇರೆ ಬೇರೆ ನೋಟ್‌ಬುಕ್ಕು ಇಟ್ಟಿದ್ದರು. ಪ್ರತಿ ರಾಗಕ್ಕೂ ಒಂದು ನಂಬರು. ಡ್ರಮ್ಮಿನ ಗದ್ದಲದಲ್ಲಿ ಹೆಸರು ಕೂಗಿದರೆ ಯಾರಿಗೆ ಕೇಳುತ್ತದೆ? ಹಾಗಾಗಿ ಬೆರಳು ತೋರಿಸುತ್ತಿದ್ದರು. ಬಲಗೈ ಎತ್ತಿದರೆ ಹೊರಗಿನದು, ಎಡಗೈ ಎತ್ತಿದರೆ ಒಳಗಿನದು. ಎಷ್ಟು ಬೆರಳೋ ಅಷ್ಟನೇ ರಾಗ. ದೇವರ ಹಾಡಿಗೆ ಎಡಗೈ ಎತ್ತುವುದು ಸರಿಯೇ ಎಂದು ಒಮ್ಮೆ ಕೇಳಿದ್ದೆ. "ಹೃದಯ ಯಾವ ಕಡೆ ಅದೆ ಏಳು? ಆ ಕಡೆ ಕೈ ದೇವ್ರುದ್ದು," ಎಂದು ಬಾಯಿ ಮುಚ್ಚಿಸಿದ್ದರು.

ದೇವರ ಹಾಡು ಊದಿದ ಬಾಯಲ್ಲೇ ಸಿನಿಮಾ ಹಾಡು ಊದುವುದು ಊರಿನ ಕೆಲವು ಹಿರಿಯರಿಗೆ ಹಿಡಿಸುತ್ತಿರಲಿಲ್ಲ. ಒಂದು ಭಾನುವಾರ ಚರ್ಚಿನ ಮುಂದೆಯೇ ಒಬ್ಬರು ಆ ಮಾತು ಎತ್ತಿದರು. ಮಾಮ ಬೀಡಿ ಆರಿಸಿ ಹೇಳಿದರು. "ಇರೋದು ಒಂದೇ ಬಾಯಿ ಅಲ್ವಾ? ಅದ್ರಲ್ಲೇ ಜಪನೂ ಮಾಡ್ತೀವಿ, ಅದ್ರಲ್ಲೇ ಮುದ್ದೇನೂ ಉಣ್ತೀವಿ. ಬಾಯಿ ಕೆಟ್ಟೋಯ್ತಾ?" ಆದರೂ ಎರಡು ನೋಟ್‌ಬುಕ್ಕನ್ನು ಒಂದೇ ಚೀಲದಲ್ಲಿ ಇಡುವುದಕ್ಕೆ ಮಾತ್ರ ಮಾಮನಿಗೂ ಮನಸ್ಸು ಬರುತ್ತಿರಲಿಲ್ಲ.

ನನಗೆ ಸತ್ತೇಗಾಲದ ಆರೋಗ್ಯ ಕೇಂದ್ರದಲ್ಲಿ ನರ್ಸ್ ಕೆಲಸ ಸಿಕ್ಕಿದ ಹೊಸತು. ಕೊಳ್ಳೇಗಾಲದಲ್ಲಿ ಜವಳಿ ಅಂಗಡಿಯವರೊಬ್ಬರ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದೆ. ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಹೋದರೆ ಭಾನುವಾರ ಪೂಜೆ ಮುಗಿಸಿ ವಾಪಸ್ಸು. ಓನರಿಗೆ ಒಬ್ಬಳೇ ಮಗಳು. ನನ್ನನ್ನು ಅಕ್ಕ ಅಕ್ಕ ಎಂದು ಹಿಂದೆ ಮುಂದೆ ಸುತ್ತುತ್ತಿದ್ದ ಹುಡುಗಿ. ಅವಳಿಗೆ ಸತ್ತೇಗಾಲದಲ್ಲೇ ಗಂಡು ಗೊತ್ತಾಯಿತು. ಕಬ್ಬು, ಭತ್ತ, ತೆಂಗು ಎಲ್ಲ ಇದ್ದ ಮನೆ. ಓನರು ಒಳ್ಳೆಯ ಬ್ಯಾಂಡ್ ಸೆಟ್ಟು ಹುಡುಕುತ್ತಿದ್ದಾಗ, ನಮ್ಮೂರವರನ್ನು ಕರೆಸಿ ಎಂದು ಹೇಳಿದವಳು ನಾನೇ. ಆಮೇಲೆ ಎಷ್ಟು ಸಲ ನನ್ನ ನಾಲಿಗೆಯನ್ನು ನಾನೇ ಬೈದುಕೊಂಡೆನೋ.

ಮದುವೆಯಲ್ಲಿ ನಮ್ಮೂರವರು ಮೆರೆದುಬಿಟ್ಟರು. ಗಂಡಿನ ಕಡೆಯ ಹುಡುಗರು ಛತ್ರದ ಬಾಗಿಲಿನಿಂದ ಒಳಗೆ ಬರಲು ಒಂದು ಗಂಟೆ ತೆಗೆದುಕೊಂಡರು, ಅಷ್ಟು ಕುಣಿತ. ನಾನು ದೊಡ್ಡ ಮನುಷ್ಯಳ ಹಾಗೆ ಎಲ್ಲರಿಗೂ "ನಮ್ಮ ಪಕ್ಕದ ಮನೆಯವರು" ಎಂದು ಹೇಳಿಕೊಂಡು ಓಡಾಡಿದೆ. ಮುಹೂರ್ತ ಆಯಿತು, ಊಟ ಆಯಿತು. ವಾಲಗದವರು ಇನ್ನೊಂದು ಮದುವೆ ಇದೆಯೆಂದು ಹೊರಟುಹೋದರು. ಹೆಣ್ಣೊಪ್ಪಿಸುವ ಶಾಸ್ತ್ರ ಮುಗಿದು ಹುಡುಗಿ ಕಾರು ಹತ್ತಬೇಕು, ವಾಲಗವೇ ಇಲ್ಲ. ಓನರು ಮಾಮನ ಹತ್ತಿರ ಬಂದು ಕೈಗೆ ತಾಂಬೂಲ ಕೊಟ್ಟರು. "ಮಾಸ್ಟ್ರೇ, ಕೊನೇದಾಗಿ ಒಂದು... ನಿಧಾನುಕ್ಕಿರೋದು ಬಾರ್ಸಿ. ನಮ್ಮ ಮಗಳು ಒಂಟವ್ಳೆ," ಎಂದರು.

ತಾಂಬೂಲವನ್ನು ಎಡಗೈಯಲ್ಲಿ ಯಾರಾದರೂ ತೆಗೆದುಕೊಳ್ಳುತ್ತಾರೆಯೇ? ಮಾಮ ಬಲಗೈ ಚಾಚಿದರು. ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ, ಮೇಲೊಂದು ಶರಟಿನ ಬಟ್ಟೆ ಎಲ್ಲ ಸೇರಿ ಆ ಕೈ ತುಂಬಿಹೋಯಿತು. ಹೊರಗಿನ ನೋಟ್‌ಬುಕ್ಕಿನಲ್ಲಿ ನಾಲ್ಕನೆಯದು ತವರಿನ ಮೇಲಿನ ಒಂದು ಹಳೆಯ ಸಿನಿಮಾ ಹಾಡು, ಹೇಳಿ ಮಾಡಿಸಿದ ಹಾಗಿತ್ತು. ಕಂಕುಳಲ್ಲಿ ಕ್ಲಾರಿಯೋನೆಟ್ ಒತ್ತಿಕೊಂಡು ಮಾಮ ಖಾಲಿ ಇದ್ದ ಕೈ ಎತ್ತಿ ನಾಲ್ಕು ಬೆರಳು ತೋರಿಸಿದರು. ಖಾಲಿ ಇದ್ದದ್ದು ಎಡಗೈ.

ಒಳಗಿನ ನೋಟ್‌ಬುಕ್ಕಿನ ನಾಲ್ಕನೆಯದು ಮಣ್ಣಿಗೆ ಹೋಗುವಾಗ ಬಾರಿಸುವ ರಾಗ. ಶವದ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಚರ್ಚಿನಿಂದ ಸಮಾಧಿಯ ತನಕ ನಡೆಯುವಾಗ ಮಾತ್ರ ಅದನ್ನು ಬಾರಿಸುತ್ತಾರೆ.

ನಮ್ಮ ಹುಡುಗರು ಪಾಪ, ಮಾಸ್ಟರ್ ಬೆರಳು ತೋರಿಸಿದ ಮೇಲೆ ಯೋಚನೆ ಮಾಡುವವರಲ್ಲ. ಆರೂ ಜನ ಒಟ್ಟಿಗೇ ಟೊಪ್ಪಿ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಸಾವಿಗೆ ಹಾಗೆಯೇ ಮಾಡುವುದು ನಮ್ಮಲ್ಲಿ ಪದ್ಧತಿ. ಡ್ರಮ್ಮಿನವನು ಸದ್ದು ತಗ್ಗಲೆಂದು ಕೋಲಿನ ತುದಿಗೆ ಬಟ್ಟೆ ಸುತ್ತಿದ. ಟ್ರಂಪೆಟ್ಟು ಎದ್ದಿತು. ಬಿಳಿ ಕಾರಿಗೆ ಗುಲಾಬಿ ಹಾರ, ಮುಂದೆ ತಲೆ ತಗ್ಗಿಸಿ ಒಂದೊಂದೇ ಹೆಜ್ಜೆ ಇಡುವ ಬ್ಯಾಂಡು. ನನ್ನ ಕೈಯಂತೂ ತನ್ನಷ್ಟಕ್ಕೆ ತಾನೇ ಶಿಲುಬೆ ಗುರುತು ಹಾಕಲು ಹಣೆಗೆ ಹೋಗಿಬಿಟ್ಟಿತು. ನಡುವೆ ಹಿಡಿದು ನಿಲ್ಲಿಸಿ, ಕೂದಲು ಸರಿ ಮಾಡಿಕೊಂಡವಳ ಹಾಗೆ ನಟಿಸಿದೆ. ಕಾರಿನ ಆಚೆ ಮಾಮನ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ಅಷ್ಟು ಹೆದರಿದ ಮುಖವನ್ನು ನಾನು ಆಸ್ಪತ್ರೆಯಲ್ಲೂ ಹೆಚ್ಚು ನೋಡಿಲ್ಲ.

ಅವರು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ತಾಂಬೂಲವನ್ನು ಮೆಟ್ಟಿಲ ಮೇಲಿಟ್ಟು, ಟೊಪ್ಪಿ ತೆಗೆದು, ಕ್ಲಾರಿಯೋನೆಟ್ಟನ್ನು ತುಟಿಗೆ ಹಚ್ಚಿ ತಾವೂ ಸೇರಿಕೊಂಡರು. ಎಂದೂ ಊದದ ಹಾಗೆ ಊದಿದರು ಎಂದು ಈಗಲೂ ನನಗೆ ಅನ್ನಿಸುತ್ತದೆ. ಛತ್ರಕ್ಕೆ ಛತ್ರವೇ ಅತ್ತಿತು. ಗಂಡಿನ ತಂದೆ ಮೊದಲಿನಿಂದ ಮುಖ ಗಂಟು ಹಾಕಿಕೊಂಡಿದ್ದ ಮನುಷ್ಯ, ಅವರೂ ಟವಲಿನಿಂದ ಕಣ್ಣು ಒರೆಸಿಕೊಂಡರು. ಕಾರಿನ ಬಾಗಿಲು ಹಿಡಿದು ಹುಡುಗಿ ಹಿಂದಕ್ಕೆ ತಿರುಗಿ ಬ್ಯಾಂಡಿನವರಿಗೆ ಕೈ ಮುಗಿದಳು. ಟೊಪ್ಪಿ ತೆಗೆದದ್ದನ್ನು ಮೆಚ್ಚಿ, ಎಂಥ ಮರ್ಯಾದಸ್ಥರು ಎಂದು ನನ್ನ ಪಕ್ಕದಲ್ಲಿದ್ದ ಹೆಂಗಸು ಹೇಳಿದಳು.

ಊರಿನ ಬಸ್ಸಿನಲ್ಲಿ ಮಾಮ ನನ್ನ ಪಕ್ಕದಲ್ಲೇ ಕೂತರು. ಹನೂರು ದಾಟಿದ ಮೇಲೆ ಕೇಳಿದರು.

"ಕೇಳ್ದೆ ಅಲ್ವಾಮ್ಮ?"

"ಕೇಳ್ದೆ ಮಾಮ."

"ಯಾರ್ಗಾದ್ರೂ ಏಳ್ದಾ?"

"ಇಲ್ಲ ಮಾಮ. ಅವ್ರಿಗೆ ಯಾರ್ಗೂ ಗೊತ್ತಾಗ್ಲಿಲ್ಲ. ಬಿಡಿ ಅತ್ಲಾಗಿ."

"ಅವ್ರಿಗ್ ಗೊತ್ತಾಗ್ಲಿಲ್ಲ. ನಂಗ್ ಗೊತ್ತಲ್ಲ," ಎಂದರು. "ಅರ್ಧಕ್ಕೆ ನಿಲ್ಸುದ್ರೆ ಇನ್ನೂ ಅಪಶಕುನ ಅಂತ ಪೂರಾ ಊದ್ಬುಟ್ಟೆ. ಮಾತಾವೇ... ಅರಿಶಿಣದ ಮೈಯ ಮಗೂನ ನಾನು ಮಣ್ಣಿಗ್ ಕಳ್ಸಿದಂಗೆ ಕಳ್ಸುದ್ನಲ್ಲ." ಆಮೇಲೆ, ಆ ಹುಡುಗಿ ಒಂದು ಮಗು ಹೆತ್ತು ಎದ್ದು ಕೂರುವ ತನಕ ಹೊರಗಿನದನ್ನು ಊದುವುದಿಲ್ಲ ಎಂದರು. ಹೆಣ್ಣಿನ ದೊಡ್ಡ ಗಂಡಾಂತರ ಅದೇ, ಅದು ದಾಟಿದರೆ ತನ್ನ ತಪ್ಪಿಗೆ ಕ್ಷಮೆ ಸಿಕ್ಕಿದ ಹಾಗೆ ಎಂಬುದು ಅವರ ಲೆಕ್ಕ.

ನಾನು ಶಕುನ ಗಿಕುನ ನಂಬುವವಳಲ್ಲ. ಇದು ಎರಡು ದಿನದ ಮಾತು ಎಂದುಕೊಂಡೆ. ಆದರೆ ಮಾಮ ನಿಜವಾಗಿಯೂ ಆ ನೋಟ್‌ಬುಕ್ಕನ್ನು ಕಟ್ಟಿ ಅಟ್ಟಕ್ಕೆ ಹಾಕಿದರು. ಮದುವೆಯವರು ಹುಡುಕಿಕೊಂಡು ಬಂದರೆ, ಹಲ್ಲು ನೋವು ಎಂದರು. ಒಂದು ವರ್ಷ ಪೂರ್ತಿ ಹಲ್ಲು ನೋವು! ಊರಲ್ಲಿ ಯಾರಿಗೂ ಹೇಳಕೂಡದೆಂದು ಮಾಮ ಆಣೆ ಹಾಕಿಸಿದ್ದರಿಂದ ಬ್ಯಾಂಡಿನ ಹುಡುಗರು ನನ್ನೊಬ್ಬಳ ಹತ್ತಿರ ರೇಗಾಡಿದರು. ಅದರಲ್ಲೂ ಟ್ರಂಪೆಟ್ಟಿನವನು ನಮ್ಮ ಜಗಲಿಯಲ್ಲಿ ಕೂತು ಗೋಳಾಡಿದ. "ನಾವು ತಪ್ ಬಾರ್ಸುದ್ವಾ? ಅವ್ರು ತೋರ್ಸಿದ್ದುನ್ನ ಬಾರ್ಸುದ್ವಿ. ಈಗ ಎಲ್ರ ಬಾಯ್ಗೂ ಬೀಗ ಹಾಕವ್ರೆ." ಇನ್ನೊಂದು ವಿಚಿತ್ರವೆಂದರೆ, ಹೊರಗಿನದನ್ನು ಬಿಟ್ಟ ಮೇಲೆ ಒಳಗಿನದೂ ಒಣಗಿತು. ಭಾನುವಾರದ ಪೂಜೆಯಲ್ಲಿ ಅದೇ ಹಾಡು, ಅದೇ ಉಸಿರು, ಆದರೆ ಯಾರೋ ಪಾಠ ಒಪ್ಪಿಸುತ್ತಿರುವ ಹಾಗೆ ಕೇಳುತ್ತಿತ್ತು. ಫಾದರ್ ಕೂಡ ಮೈ ಹುಷಾರಿಲ್ಲವೇ ಎಂದು ವಿಚಾರಿಸಿದರು.

ನನಗೆ ಮಾತ್ರ ಹೊಸ ಡ್ಯೂಟಿ ಬಂತು. ಪ್ರತಿ ಭಾನುವಾರ ಚರ್ಚಿನಿಂದ ಹೊರಗೆ ಬರುತ್ತಿದ್ದಂತೆ ಗೋಡೆ ಪಕ್ಕಕ್ಕೆ ಕರೆದು ಕೇಳುವರು. "ಆ ಮಗು ಎಂಗವ್ಳೆ?"

"ಚೆನ್ನಾಗವ್ಳೆ ಮಾಮ."

"ನೋಡ್ಕಂಡ್ ಬಂದಾ, ಸುಮ್ಕೆ ಏಳ್ತಿದ್ದೀಯಾ? ನಗ್ತಾಳಾ? ಉಣ್ತಾಳಾ? ಅತ್ತೆ ಎಂಗೆ?"

ಅವರ ಕಾಟಕ್ಕೆ ನಾನು ಆ ಬೀದಿಯಲ್ಲಿ ಕೆಲಸವಿಲ್ಲದಿದ್ದರೂ ವಾರಕ್ಕೊಮ್ಮೆ ಆ ಮನೆಯ ಬಾಗಿಲಿಗೆ ಹೋಗುತ್ತಿದ್ದೆ. ಅವಳಿಗೆ ಒಂದು ಸಲ ಜ್ವರ ಬಂತು, ಮಾಮನಿಂದ ಮುಚ್ಚಿಟ್ಟೆ. ಗೌರಿ ಹಬ್ಬಕ್ಕೆ ತವರಿಗೆ ಬಂದವಳು ಒಂದು ತಿಂಗಳಾದರೂ ಗಂಡನ ಮನೆಗೆ ಹೋಗಲಿಲ್ಲ. ಅದು ಹೇಗೋ ಇವರ ಕಿವಿಗೆ ಬಿದ್ದು, ಸಂಸಾರ ಒಡೆದೇ ಹೋಯಿತು ಎಂದು ಬೆಳಗಿನ ಮೊದಲ ಬಸ್ಸಿಗೇ ಕೊಳ್ಳೇಗಾಲಕ್ಕೆ ಬಂದು ನನ್ನ ಕೋಣೆಯ ಮುಂದೆ ನಿಂತಿದ್ದರು. ವಿಷಯ ಇಷ್ಟೇ, ಅವಳಿಗೆ ಮೂರು ತಿಂಗಳು, ವಾಂತಿ, ಬಸ್ಸಿನ ಕುಲುಕಾಟ ಬೇಡ ಎಂದು ತಾಯಿ ಉಳಿಸಿಕೊಂಡಿದ್ದರು. ಹೇಳಿದೆ. ಮಾಮ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರಿಗೆ ಸಂತೋಷವಾಯಿತೋ ಭಯ ಹೆಚ್ಚಿತೋ ನನಗೆ ಗೊತ್ತಾಗಲಿಲ್ಲ.

ಏಳು ತಿಂಗಳು ತುಂಬುವ ತನಕ ಎಲ್ಲ ಸರಿಯಾಗಿತ್ತು. ಎಂಟಕ್ಕೆ ಬೀಳುತ್ತಿದ್ದಂತೆ ಬಿ.ಪಿ. ಏರತೊಡಗಿತು. ಕಾಲು ಊದಿತು. ಇಂಥದನ್ನು ನಾನು ದಿನಾ ನೋಡುವವಳು, ಏನು ಮಾಡಬೇಕೆಂದು ಗೊತ್ತಿತ್ತು, ಮಾಡಿದೆ. ಆದರೆ ಅವಳ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತುವಾಗಲೆಲ್ಲ ಕಿವಿಯೊಳಗೆ ಅದೇ ರಾಗ... ಬಟ್ಟೆ ಸುತ್ತಿದ ಕೋಲಿನ ಅದೇ ಡ್ರಮ್ಮು. ಶಕುನ ನಂಬದ ನರ್ಸಮ್ಮ ನಾನು! ಆ ಬ್ಯಾಂಡನ್ನು ಕರೆಸಿದವಳು ನಾನೇ ಅಲ್ಲವೇ? ಅವಳಿಗೆ ಏನಾದರೂ ಆದರೆ ಪಾಪದಲ್ಲಿ ಮಾಮನಿಗೆ ಒಂದು ಪಾಲು, ನನಗೆ ಎರಡು ಪಾಲು. ಆ ಭಾನುವಾರಗಳಲ್ಲಿ ನಾನು ಬಿ.ಪಿ.ಯ ಮಾತು ಎತ್ತಲಿಲ್ಲ. ಎತ್ತದೆ ಇದ್ದರೂ ಅವರಿಗೆ ನನ್ನ ಮುಖ ನೋಡಿಯೇ ಗೊತ್ತಾಗಿರಬೇಕು. ಏನನ್ನೂ ಕೇಳದೆ, ಜಪಸರವನ್ನು ಹಿಡಿದ ಕೈಯನ್ನು ನನ್ನ ತಲೆಯ ಮೇಲಿಟ್ಟು ಹೋಗುತ್ತಿದ್ದರು.

ಹೆರಿಗೆ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಆಯಿತು. ಅವತ್ತು ರಜೆ ಹಾಕಿ ನಾನೂ ಒಳಗೇ ಇದ್ದೆ. ಹಿಂದಿನ ರಾತ್ರಿ ಹತ್ತಕ್ಕೆ ಶುರುವಾದದ್ದು ಮಧ್ಯಾಹ್ನ ಎರಡಾದರೂ ಮುಗಿಯಲಿಲ್ಲ. ಅವಳು ನನ್ನ ಕೈ ಹಿಡಿದು, "ಅಕ್ಕ, ನಾನು ಉಳ್ಕತೀನಾ?" ಎಂದು ಕೇಳಿದಳು. ಉಳಿಯದೆ ಎಲ್ಲಿಗೆ ಹೋಗುತ್ತೀಯೇ ಎಂದು ಗದರಿದೆ. ಮೂರಕ್ಕೆ ಮಗು ಅತ್ತಿತು. ಹೆಣ್ಣು ಮಗು. ತಾಯಿಯ ಬಿ.ಪಿ. ಸಂಜೆಯ ಹೊತ್ತಿಗೆ ಇಳಿಯಿತು. ಅವಳು ಎದ್ದು ಕೂತು, ಹಸಿವು ಎಂದು ಎರಡು ಇಡ್ಲಿ ತಿಂದದ್ದನ್ನು ಕಣ್ಣಾರೆ ನೋಡಿದ ಮೇಲೆ ಹೊರಗೆ ಬಂದು ಫೋನ್ ಮಾಡಿದೆ. "ಮಾಮ, ಹೆಣ್ಣು ಮಗು. ಇಬ್ರೂ ಚೆನ್ನಾಗವ್ರೆ. ಎದ್ ಕೂತವ್ಳೆ. ಇಡ್ಲಿ ತಿಂದ್ಲು." ಆ ಕಡೆಯಿಂದ ಫೋನ್ ಕೆಳಗಿಟ್ಟ ಸದ್ದು, ಅಟ್ಟದ ಮೇಲೆ ಏನೋ ಎಳೆದಾಡುವ ಸದ್ದು. ನಾನು ಗೋಡೆಗೆ ಒರಗಿ ನಿಂತು, ಯಾರು ನೋಡಿದರೂ ನೋಡಲಿ ಎಂದು, ಹೊಟ್ಟೆ ತುಂಬ ಅತ್ತೆ. ಅಷ್ಟು ಹಗುರವಾಗಿ ನಾನು ಅದಕ್ಕೆ ಮೊದಲು ಅತ್ತಿರಲಿಲ್ಲ.

ನಾಮಕರಣಕ್ಕೆ ಓನರು ಮತ್ತೆ ಅದೇ ಬ್ಯಾಂಡನ್ನೇ ಕರೆಸಿದರು. ಮಾಮನ ಹಲ್ಲು ನೋವು ವಾಸಿಯಾಗಿತ್ತು. ಊದಿದರು ನೋಡಿ, ಒಂದು ವರ್ಷದ ಉಪವಾಸ ಬಿಟ್ಟವರ ಹಾಗೆ. ಆಗ ಬಾಣಂತಿ ಮಗುವನ್ನು ಎತ್ತಿಕೊಂಡು ಬಂದು ಕೇಳಿದಳು. "ಮಾಸ್ಟ್ರೇ, ಅವತ್ತು ನಾನು ಕಾರ್ ಅತ್ತೋವಾಗ ಒಂದ್ ಬಾರ್ಸುದ್ರಲ್ಲ, ಅದ್ನ ಬಾರ್ಸಿ. ನಂಗೆ ಇನ್ನೂ ಕಿವೀಲೇ ಅದೆ."

ಮಾಮ ನನ್ನ ಮುಖ ನೋಡಿದರು. ನಾನು ಬೇಡ ಎಂದು ತಲೆ ಆಡಿಸಿದೆ. ಅವರು ಕೇಳಲಿಲ್ಲ. ಅವಳನ್ನು ಉಗ್ರಾಣದ ಕಡೆಗೆ ಕರೆದು, ಟೊಪ್ಪಿ ಕೈಯಲ್ಲಿ ಹಿಡಿದು, ತಾಂಬೂಲದಿಂದ ಹಿಡಿದು ನಾಲ್ಕು ಬೆರಳಿನ ತನಕ ಎಲ್ಲವನ್ನೂ ಹೇಳಿಬಿಟ್ಟರು. ನಾನು ಬಾಗಿಲಲ್ಲಿ ಕಾವಲು ನಿಂತ ಹಾಗೆ ನಿಂತಿದ್ದೆ. ಅವಳು ಮಗುವಿನ ಬೆರಳನ್ನು ನೇವರಿಸಿದಳು.

"ನಮ್ಮಪ್ಪಂಗೆ ಏಳ್ಬ್ಯಾಡಿ," ಎಂದಳು ಮೊದಲು. ಆಮೇಲೆ, "ನಿಜ ಏಳ್ತೀನಿ ಸಾ. ಅವತ್ತು ಎಲ್ರೂ ನಗು ನಗು ಅಂತ ಫೋಟೋಕ್ ನಿಲ್ಸೋರು. ನಂಗೆ ಈ ಮನೆ ಬುಟ್ಟು ಓಗದು ಸಾಯದಂಗೇ ಇತ್ತು. ಯಾರೂ ಅದ್ನ ಕೇಳ್ಲಿಲ್ಲ. ನಿಮ್ ವಾದ್ಯ ಒಂದ್ ನನ್ ಜೊತೆ ಅಳ್ತಾ ಇತ್ತು. ತಪ್ಪೇನಾಯ್ತು ಬುಡಿ."

ಮಾಮ ಮಗುವಿನ ಮುಂದೆ ಮಾತ್ರ ಅದು ಬೇಡ ಎಂದು ಹಟ ಹಿಡಿದು, ಅಂಗಳಕ್ಕೆ ಬಂದು, ಚೆನ್ನಾಗಿ ನೋಡಿಕೊಂಡು ಬಲಗೈ ಎತ್ತಿ ನಾಲ್ಕು ಬೆರಳು ತೋರಿಸಿದರು. ತವರಿನ ಹಾಡು ಬಂತು. ಅವಳು ಪೂರ್ತಿ ಕೇಳಿ, "ಚೆನ್ನಾಗದೆ ಕಣಕ್ಕ. ಆದ್ರೂ ಅದೇ ಚೆನ್ನಾಗಿತ್ತು," ಎಂದು ನನ್ನ ಕಿವಿಯಲ್ಲಿ ಹೇಳಿದಳು. ಮುಂದಿನ ಭಾನುವಾರದ ಪೂಜೆಯಲ್ಲಿ ಮಾಮ ಊದಿದಾಗ, ಹಿಂದಿನ ಬೆಂಚಿನ ಮುದುಕಿಯರು ಕೂಡ ಕತ್ತೆತ್ತಿ ನೋಡಿದರು.

ಇಷ್ಟಾದ ಮೇಲೂ ಆ ಪ್ರಶ್ನೆ ನಿಲ್ಲಲಿಲ್ಲ. ನನಗೆ ಬೇರೆ ಕಡೆಗೆ ವರ್ಗವಾಯಿತು, ಮತ್ತೆ ಕೊಳ್ಳೇಗಾಲಕ್ಕೆ ಬಂದೆ, ತಲೆ ನರೆಯಿತು. ಭಾನುವಾರ ಊರಿಗೆ ಹೋದರೆ "ಆ ಮಗು ಎಂಗವ್ಳೆ?" ತಪ್ಪಲಿಲ್ಲ. ಅವಳಿಗೆ ಆಮೇಲೆ ಒಂದು ಗಂಡು ಮಗುವಾದದ್ದು, ಅವಳ ಅತ್ತೆ ತೀರಿಹೋದದ್ದು, ಅವಳು ದಪ್ಪಗಾದದ್ದು, ಗಂಡನನ್ನು ಹೆದರಿಸುವಷ್ಟು ಜೋರಾದದ್ದು ಎಲ್ಲವೂ ಗೋಡೆಯ ಪಕ್ಕದಲ್ಲೇ ವರದಿಯಾಯಿತು. ಕೊನೆಕೊನೆಗೆ ಮಾಮನಿಗೆ ಊದಲು ಉಸಿರು ಸಾಲುತ್ತಿರಲಿಲ್ಲ. ಬೆರಳು ತೋರಿಸುವುದನ್ನು ಮಾತ್ರ ಬಿಟ್ಟಿರಲಿಲ್ಲ...

ಅವರು ಹೋಗಿ ಎರಡು ವರ್ಷವಾಯಿತು. ಮಣ್ಣಿಗೆ ಅವಳೂ ಬಂದಿದ್ದಳು, ಸತ್ತೇಗಾಲದಿಂದ ಎರಡು ಬಸ್ಸು ಬದಲಾಯಿಸಿಕೊಂಡು. ಬ್ಯಾಂಡಿನವರು ಟೊಪ್ಪಿ ತೆಗೆದರು. ಕಣ್ಣೀರು ಒರೆಸಿಕೊಳ್ಳುತ್ತಲೇ ನನ್ನ ಕೈ ಹಿಡಿದು ಅವಳು ಹೇಳಿದಳು. "ಇವತ್ತು ಸರಿಯಾದ್ ಜಾಗ್ದಲ್ಲಿ ಬಾರ್ಸುದ್ರು ಕಣಕ್ಕ."

ಇಸ್ತ್ರಿ ಅಂಗಡಿಯ ಆ ವಾಸನೆ ನಾಲ್ಕು ದಿನ ಕಾಡಿದ ಮೇಲೆ, ಈ ಭಾನುವಾರ ಮಾರ್ಟಳ್ಳಿಗೆ ಹೋದೆ. ಪೂಜೆ ಮುಗಿಸಿ ಮಾಮನ ಮನೆಗೆ ಹೋಗಿ ಅವರ ಹೆಂಡತಿ, ನನ್ನ ಬಾಯಲ್ಲಿ ಅತ್ತೆ, ಪಕ್ಕ ಕೂತೆ. ಅವರು ಕಾಫಿ ಲೋಟ ಕೊಟ್ಟು, ಏನೋ ಮರೆತದ್ದು ನೆನಪಾದವರ ಹಾಗೆ ಕೇಳಿದರು. "ಆ ಮಗು ಎಂಗವ್ಳೆ?"

ಲೋಟ ಕೆಳಗಿಟ್ಟು, ಯಾವ ಮಗು ಅತ್ತೆ ಎಂದೆ.

"ನಂಗೇನ್ ಗೊತ್ತು? ಅವ್ರು ಓಗೋ ಮುಂಚೆ ಏಳಿದ್ರು, ನೀನು ಬಂದಾಗೆಲ್ಲಾ ಇದೊಂದ್ ಮಾತು ಕೇಳು ಅಂತ. ಈ ಮರೆವು ನೋಡು, ಎರಡ್ ವರ್ಸ ಆದ್ಮೇಲೆ ನೆನ್ಪಾಯ್ತು."

ಚೆನ್ನಾಗಿದ್ದಾಳೆ ಎಂದೆ. ಆಮೇಲೆ ಇಷ್ಟು ವರ್ಷ ಬಾಯಿ ಬಿಡದಿದ್ದ ಕತೆಯನ್ನು ಮೊದಲಿನಿಂದ ಕೊನೆಯ ತನಕ ಹೇಳಿದೆ. ಆರು ಜನ ಒಟ್ಟಿಗೇ ಟೊಪ್ಪಿ ತೆಗೆದದ್ದನ್ನು ಹೇಳಿದಾಗ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಅದ್ಕಾ ಹರ್ಕೆ ಕಟ್ಕಂಡು ಒಂದ್ ವರ್ಸ ಮೀನು ಮುಟ್ನಿಲ್ಲ? ನಾನು ಹಲ್ಲು ನೋವು ಅಂತ ಗಂಜಿ ಕಾಯ್ಸಿ ಕಾಯ್ಸಿ ಕೊಟ್ನಲ್ಲ!" ಎಂದು ಮತ್ತೆ ನಕ್ಕರು. ನಾನೂ ನಕ್ಕೆ. ನಗು ನಿಂತ ಮೇಲೆ ಅವರು ನನ್ನ ಲೋಟ ಎತ್ತಿಕೊಂಡರು.

"ನಂಗೆ ಒಂದ್ ಮಾತು ಏಳಿದ್ರೆ," ಎಂದರು, "ನಾನೂ ಬೇಡ್ಕೋತಿದ್ನಲ್ಲ. ಒಬ್ರೇ ಬೇಡ್ಕಂಡ್ರಲ್ಲ ಪಾಪ."